ಆರು ವಾರ, ಎಂಟು ವಾರ: ಒಂದು ವೈದ್ಯಕೀಯ ಸಲಹೆಯ ವಿಮರ್ಶೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುವವರ ಕೈಗೆ ಆಸ್ಪತ್ರೆಗಳು ಒಂದು ಕರಪತ್ರ ಕೊಡುವುದುಂಟು. ಏನು ತಿನ್ನಬೇಕು, ಯಾವ ಮಾತ್ರೆ ನಿಲ್ಲಿಸಬೇಕು, ಯಾವ ರಕ್ತಪರೀಕ್ಷೆ ಮಾಡಿಸಬೇಕು ಎಂಬ ಪಟ್ಟಿಯ ನಡುವೆ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ: ಧೂಮಪಾನವನ್ನು ಕನಿಷ್ಠ ಆರು ವಾರ ಮೊದಲೇ ನಿಲ್ಲಿಸಬೇಕು. ಸಲಹೆ ಸರಿಯಾದುದೇ. ಅಮೆರಿಕದ ಅಂತಃಸ್ರಾವ ತಜ್ಞರ ಹಾಗೂ ಬೇರಿಯಾಟ್ರಿಕ್ ಶಸ್ತ್ರವೈದ್ಯರ ಸಂಘಗಳು ಇತರರೊಡನೆ ಸೇರಿ ರೂಪಿಸಿದ 2019ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ: ಆದಷ್ಟು ಬೇಗ ಬಿಡಿ, ಒಂದು ವರ್ಷ ಮೊದಲಾದರೆ ಒಳ್ಳೆಯದು, ತೀರಾ ಕಡಿಮೆಯೆಂದರೆ ಆರು ವಾರ. ನನ್ನ ತಕರಾರು ಸಲಹೆಯ ಬಗ್ಗೆ ಅಲ್ಲ, ಅದಕ್ಕೆ ಕೊಡಲಾಗುವ ವಿವರಣೆಯ ಬಗ್ಗೆ. ಕರಪತ್ರಗಳಲ್ಲೂ ದಿನಪತ್ರಿಕೆಗಳ ಆರೋಗ್ಯ ಪುರವಣಿಗಳಲ್ಲೂ ಈ ವಿವರಣೆ ಎಷ್ಟು ಅವಸರದಲ್ಲಿ ಬಂದುಹೋಗುತ್ತದೆಂದರೆ, ಓದಿದವರು ಕೆಲವೊಮ್ಮೆ ಸಲಹೆಗೆ ನೇರ ವಿರುದ್ಧವಾದ ತೀರ್ಮಾನಕ್ಕೆ ಬಂದುಬಿಡುತ್ತಾರೆ.

ಅಂಥ ತೀರ್ಮಾನವೊಂದನ್ನು ನಾನು ಕಿವಿಯಾರೆ ಕೇಳಿದ್ದು ನಮ್ಮ ಪ್ರಯೋಗಾಲಯದ ಸಹಾಯಕರೊಬ್ಬರಿಂದ. ಅವರಿಗೆ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿತ್ತು. “ಸಾರ್, ಇನ್ನು ಐದೇ ವಾರ ಇರೋದು. ಎಂಟು ವಾರಕ್ಕಿಂತ ಕಡಿಮೆ ಇದ್ರೆ ಬಿಡಬಾರದಂತೆ, ಬಿಟ್ರೆ ಶ್ವಾಸಕೋಶ ಇನ್ನೂ ಕೆಡುತ್ತಂತಲ್ಲ?” ಎಂದರು. ಹೇಳಿದವರು ಯಾರೋ ಓದಿಕೊಂಡವರೇ. ಈ ಮಾತು ಗಾಳಿಸುದ್ದಿಯಲ್ಲ. ಅದಕ್ಕೊಂದು ಹುಟ್ಟೂರು ಇದೆ, ಹುಟ್ಟಿದ ವರ್ಷವೂ ಇದೆ. ವಿಜ್ಞಾನದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅದರ ಚರಿತ್ರೆ ಉಪಯುಕ್ತ, ಏಕೆಂದರೆ ಒಂದು ಅಳತೆ ಹೇಗೆ ತನ್ನ ಮಿತಿಯನ್ನು ದಾಟಿ ಉಪದೇಶವಾಗಿಬಿಡುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಸುಲಭವಾಗಿ ಸಿಗುವುದಿಲ್ಲ.

1989ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಪತ್ರಿಕೆಯಲ್ಲಿ ವಾರ್ನರ್ ಮತ್ತು ಸಂಗಡಿಗರ ಒಂದು ಅಧ್ಯಯನ ಪ್ರಕಟವಾಯಿತು. ಅವರು ಗಮನಿಸಿದ್ದು ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 200 ರೋಗಿಗಳನ್ನು. ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶದ ತೊಂದರೆ ಎಷ್ಟು ಜನರಿಗೆ ಬಂತು ಎಂಬುದು ಪ್ರಶ್ನೆ. ಎರಡು ತಿಂಗಳಿಗಿಂತ ಹೆಚ್ಚು ಕಾಲ ಸಿಗರೇಟು ಬಿಟ್ಟಿದ್ದವರಲ್ಲಿ ಶೇ. 14.5, ಎರಡು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಕಾಲ ಬಿಟ್ಟಿದ್ದವರಲ್ಲಿ ಶೇ. 57.1. ಸುಮಾರು ನಾಲ್ಕು ಪಟ್ಟು! ಆರು ತಿಂಗಳು ಮೀರಿ ಬಿಟ್ಟಿದ್ದವರಲ್ಲಿ ಶೇ. 11.1, ಎಂದೂ ಸೇದದವರಲ್ಲಿ ಶೇ. 11.9. ಈ ಸಂಖ್ಯೆಗಳನ್ನು ನೋಡಿದೊಡನೆ “ಎಂಟು ವಾರದೊಳಗೆ ಬಿಟ್ಟರೆ ಅಪಾಯ” ಎಂಬ ವಾಕ್ಯ ತಾನಾಗಿ ಮೂಡುತ್ತದೆ. ಅದು ಪಠ್ಯಪುಸ್ತಕಗಳಿಗೆ ಹೋಯಿತು, ಅಲ್ಲಿಂದ ತರಗತಿಗಳಿಗೆ, ತರಗತಿಗಳಿಂದ ಆಸ್ಪತ್ರೆಯ ಪಡಸಾಲೆಗೆ. ಒಂದು ಕಾರ್ಯಕಾರಣ ವಿವರಣೆಯೂ ಜೊತೆಗೆ ಸಿಕ್ಕಿತು: ಹೊಗೆ ನಿಂತ ಮೇಲೆ ಶ್ವಾಸನಾಳದ ರೋಮಕಗಳು ಚೇತರಿಸಿಕೊಂಡು ಕಫವನ್ನು ಮೇಲಕ್ಕೆ ತಳ್ಳತೊಡಗುತ್ತವೆ, ಆದರೆ ಕೆಮ್ಮು ಕಡಿಮೆಯಾಗಿರುತ್ತದೆ, ಹಾಗಾಗಿ ಕಫ ಒಳಗೇ ಉಳಿಯುತ್ತದೆ ಎಂದು. ಕೇಳಲು ಸೊಗಸಾದ ವಿವರಣೆ. ಆದರೆ ವಿವರಣೆ ಸೊಗಸಾಗಿದ್ದ ಮಾತ್ರಕ್ಕೆ ವಿವರಿಸಬೇಕಾದ ಘಟನೆ ನಿಜವಾಗಿ ನಡೆದಿದೆ ಎಂದಾಗುವುದಿಲ್ಲ.

ಈಗ ನೀವೇ ಆಲೋಚಿಸಿ. ಐದು ವಾರ ಉಳಿದಿರುವ ಒಬ್ಬ ಧೂಮಪಾನಿಯ ಮುಂದೆ ಇರುವ ಆಯ್ಕೆಗಳು ಯಾವುವು? ಇಂದೇ ಬಿಡುವುದು, ಇಲ್ಲವೆ ಸೇದುತ್ತಲೇ ಇರುವುದು. “ಎರಡು ತಿಂಗಳ ಹಿಂದೆಯೇ ಬಿಟ್ಟವನಾಗುವುದು” ಎಂಬ ಆಯ್ಕೆ ಅವನಿಗಿಲ್ಲ. ಕಾಲ ಹಿಂದಕ್ಕೆ ಹರಿಯುವುದಿಲ್ಲವಲ್ಲ. ಆದ್ದರಿಂದ 57.1ನ್ನು ಹೋಲಿಸಬೇಕಾದುದು 14.5ರೊಡನೆ ಅಲ್ಲ, ಸೇದುತ್ತಲೇ ಶಸ್ತ್ರಚಿಕಿತ್ಸೆಗೆ ಬಂದವರೊಡನೆ. ಅದೇ ಅಧ್ಯಯನದಲ್ಲಿ ಆ ಗುಂಪಿನ ಪ್ರಮಾಣ ಸುಮಾರು ಶೇ. 33. ಇವೆರಡರ ನಡುವಿನ ಅಂತರ ಸಂಖ್ಯಾಶಾಸ್ತ್ರದ ಒರೆಗಲ್ಲಿನಲ್ಲಿ ನಿಲ್ಲಲಿಲ್ಲ. ಅಂದರೆ ಬರಿಯ ಆಕಸ್ಮಿಕದಿಂದಲೂ ಅಂಥ ಅಂತರ ಕಾಣಿಸಿಕೊಳ್ಳಬಹುದಿತ್ತು. ಏಕೆ ಗೊತ್ತೆ? ಗುಂಪುಗಳು ಚಿಕ್ಕವು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. 57.1 ಎಂಬ ಸಂಖ್ಯೆಗೆ ದಶಮಾಂಶ ಬಿಂದು ಇರುವುದರಿಂದ ಅದು ಬಹಳ ನಿಖರವಾಗಿ ಕಾಣುತ್ತದೆ. ಆದರೆ ಅದು 4/7 ಎಂಬ ಭಿನ್ನರಾಶಿಯ ಇನ್ನೊಂದು ರೂಪ. ಗುಂಪಿನಲ್ಲಿ 21 ಜನರಿದ್ದಾರೆಂದು ಇಟ್ಟುಕೊಳ್ಳಿ. ಅವರಲ್ಲಿ 12 ಮಂದಿಗೆ ತೊಂದರೆ ಬಂದರೆ 57.1. ಒಬ್ಬರಿಗೆ ಕಡಿಮೆ ಬಂದಿದ್ದರೆ 52.4, ಇಬ್ಬರಿಗೆ ಕಡಿಮೆ ಬಂದಿದ್ದರೆ 47.6. ಒಬ್ಬ ರೋಗಿಯ ಹಣೆಬರಹಕ್ಕೆ ಶೇ. 4.8ರಷ್ಟು ಜಿಗಿಯುವ ಅಳತೆಗೆ ಹತ್ತನೆಯ ಒಂದು ಭಾಗದ ನಿಖರತೆ ಎಲ್ಲಿಂದ ಬಂತು? ಮಿಲಿಮೀಟರ್ ಗುರುತಿನ ಅಳತೆಪಟ್ಟಿಯಲ್ಲಿ ಮೇಜು ಅಳೆದು, ಉದ್ದವನ್ನು ಮೈಕ್ರೊಮೀಟರ್‌ವರೆಗೆ ಬರೆದು ತಂದ ವಿದ್ಯಾರ್ಥಿಯ ದಾಖಲೆ ಪುಸ್ತಕಕ್ಕೆ ನಾವು ಕೆಂಪು ಗೆರೆ ಎಳೆಯುತ್ತೇವಲ್ಲವೆ? ಆರೋಗ್ಯ ಪುರವಣಿಯನ್ನು ಓದುವಾಗಲೂ ಆ ಕೆಂಪು ಪೆನ್ನು ಕೈಯಲ್ಲಿರಲಿ.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮ. ಯಾರು ಎಷ್ಟು ಕಾಲ ಮೊದಲು ಬಿಡಬೇಕೆಂದು ಆ ಅಧ್ಯಯನದಲ್ಲಿ ಚೀಟಿ ಎತ್ತಿ ನಿರ್ಧರಿಸಿರಲಿಲ್ಲ, ಅವರವರೇ ಬಿಟ್ಟಿದ್ದರು. ಮುಂಗಾರಿನ ಒಂದು ಸಂಜೆ ಆಗುಂಬೆಯ ಬಸ್ ನಿಲ್ದಾಣದಲ್ಲಿ ನಿಂತು ಎಣಿಸಿದರೆ, ಛತ್ರಿ ಹಿಡಿದು ಬಂದವರೇ ಕೈಬೀಸಿಕೊಂಡು ಬಂದವರಿಗಿಂತ ಹೆಚ್ಚು ತೊಯ್ದಿರುವುದು ಕಾಣಬಹುದು. ಛತ್ರಿಯಿಂದ ಮೈ ನೆನೆಯುತ್ತದೆ ಎಂದು ಯಾರಾದರೂ ತೀರ್ಮಾನಿಸುತ್ತಾರೆಯೆ? ಜಡಿಮಳೆಯಲ್ಲಿ ಹೊರಟವರು ಛತ್ರಿ ಹಿಡಿದಿದ್ದರು, ಅಷ್ಟೆ. ಹಾಗೆಯೇ ಶಸ್ತ್ರಚಿಕಿತ್ಸೆಗೆ ಕೆಲವೇ ವಾರ ಇರುವಾಗ ದಿಢೀರನೆ ಸಿಗರೇಟು ಬಿಡುವವರಲ್ಲಿ, ಉಸಿರಾಟ ಆಗಲೇ ಹದಗೆಟ್ಟು ಹೆದರಿ ಬಿಟ್ಟವರು ಹೆಚ್ಚಿರುವ ಸಂಭವವಿದೆ. ಕಾಯಿಲೆಯೇ ಬಿಡಿಸಿತೋ, ಬಿಟ್ಟದ್ದೇ ಕಾಯಿಲೆ ತಂದಿತೋ ಎಂಬುದನ್ನು ಬರಿಯ ವೀಕ್ಷಣೆಯ ಅಧ್ಯಯನ ಬೇರ್ಪಡಿಸಲಾರದು.

2011ರಲ್ಲಿ ಮಯರ್ಸ್ ಮತ್ತು ಸಂಗಡಿಗರು ಇಂಥ ಒಂಬತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಎಂಟು ವಾರದೊಳಗೆ ಬಿಟ್ಟವರನ್ನು ಸೇದುತ್ತಲೇ ಇದ್ದವರೊಡನೆ ಹೋಲಿಸಿದಾಗ, ಎಲ್ಲ ಬಗೆಯ ತೊಂದರೆಗಳ ಸಾಪೇಕ್ಷ ಅಪಾಯ 0.78, ಅದರ ಶೇ. 95 ವಿಶ್ವಾಸಾಂತರ 0.57ರಿಂದ 1.07. ಶ್ವಾಸಕೋಶದ ತೊಂದರೆಗಳಿಗೆ ಮಾತ್ರ ನೋಡಿದರೆ 1.18, ಅಂತರ 0.95ರಿಂದ 1.46. ಎರಡೂ ಅಂತರಗಳ ಒಳಗೆ 1 ಎಂಬ ಸಂಖ್ಯೆ ಇದೆ; 1 ಎಂದರೆ ವ್ಯತ್ಯಾಸವಿಲ್ಲ ಎಂದರ್ಥ. ಹಾಗಾಗಿ ತಡವಾಗಿ ಬಿಟ್ಟರೆ ಹಾನಿ ಎಂಬ ಭಯಕ್ಕೆ ಆಧಾರ ಸಿಗಲಿಲ್ಲ. ಇದನ್ನೇ ಹಿಡಿದು ಕೆಲವರು “ಹಾನಿಯಿಲ್ಲವೆಂದು ಸಾಬೀತಾಗಿದೆ” ಎಂದು ಬರೆದರೆ ಅದನ್ನೂ ಒಪ್ಪಲಾಗದು, 1.46ರವರೆಗೆ ಹರಡಿರುವ ಅಂತರ ಸಣ್ಣ ಹಾನಿಯ ಸಾಧ್ಯತೆಯನ್ನು ಪೂರ್ತಿ ಅಳಿಸಿಹಾಕುವುದಿಲ್ಲ. ಆದರೆ ಒಂದು ಪಕ್ಕದಲ್ಲಿ ಈ ದುರ್ಬಲ ಸಂದೇಹ, ಇನ್ನೊಂದು ಪಕ್ಕದಲ್ಲಿ ಗಾಯ ಮಾಯುವಿಕೆಯ ಬಗ್ಗೆ ಮುಂದೆ ಹೇಳಲಿರುವ ಗಟ್ಟಿ ಸಾಕ್ಷ್ಯ. ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಐದು ವಾರ ಇದ್ದರೂ ಬಿಡಬೇಕು, ಐದು ದಿನ ಇದ್ದರೂ ಬಿಡಬೇಕು. ನಮ್ಮ ಸಹಾಯಕರಿಗೆ ನಾನು ಹೇಳಿದ್ದೂ ಇದನ್ನೇ. ದಿನಾಂಕವನ್ನು ಸ್ವಲ್ಪ ಮುಂದೂಡಬಹುದೇ ಎಂದು ವೈದ್ಯರನ್ನೇ ಕೇಳಿ ಎಂದೂ ಸೇರಿಸಿದೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಅಪಘಾತದ ಶಸ್ತ್ರಚಿಕಿತ್ಸೆಯಂತಲ್ಲ. ಸಾಮಾನ್ಯವಾಗಿ ಅದು ಕಾಯಬಲ್ಲದು.

ಕೊನೆಯ ಒಂದು ದಿನದಲ್ಲಿಯೂ ಲಾಭವಿದೆ ಎಂಬುದಕ್ಕೆ ಭೌತಶಾಸ್ತ್ರದವರು ಖುಷಿಪಡುವಂಥ ಲೆಕ್ಕವೊಂದಿದೆ. ಸಿಗರೇಟಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಹೀಮೊಗ್ಲೋಬಿನ್‌ಗೆ ಅದರ ಮೇಲಿನ ಒಲವು ಆಕ್ಸಿಜನ್ ಮೇಲಿನ ಒಲವಿಗಿಂತ 200 ಪಟ್ಟಿಗೂ ಹೆಚ್ಚು. ಚೆನ್ನಾಗಿ ಸೇದುವವರ ರಕ್ತದಲ್ಲಿ ಶೇ. 5ರಿಂದ 10ರಷ್ಟು ಹೀಮೊಗ್ಲೋಬಿನ್ ಈ ಅನಿಲಕ್ಕೆ ಒತ್ತೆಯಾಗಿರುತ್ತದೆ. ನಷ್ಟ ಅಷ್ಟೇ ಅಲ್ಲ. ಉಳಿದ ಹೀಮೊಗ್ಲೋಬಿನ್ ಕೂಡ ತಾನು ಹೊತ್ತ ಆಕ್ಸಿಜನ್ನನ್ನು ಅಂಗಾಂಶಗಳಿಗೆ ಬಿಟ್ಟುಕೊಡಲು ಜಿಪುಣತನ ತೋರುತ್ತದೆ. ಸಾಧಾರಣ ಗಾಳಿಯಲ್ಲಿ ವಿಶ್ರಾಂತಿಯಲ್ಲಿರುವವರ ರಕ್ತದಿಂದ ಕಾರ್ಬನ್ ಮೊನಾಕ್ಸೈಡ್ ಹೊರಹೋಗುವ ಅರ್ಧಾಯು 4ರಿಂದ 5 ಗಂಟೆ. 4.5 ಎಂದು ಇಟ್ಟುಕೊಂಡು, ಶೇ. 8ರಿಂದ ಆರಂಭಿಸಿ. 12 ಗಂಟೆಯಲ್ಲಿ 2.67 ಅರ್ಧಾಯುಗಳು ಕಳೆಯುತ್ತವೆ; ಉಳಿಯುವುದು ಶೇ. 1.3. 24 ಗಂಟೆಯಲ್ಲಿ ಶೇ. 0.2. (ದೇಹದೊಳಗೇ ಅತ್ಯಲ್ಪ ಪ್ರಮಾಣದಲ್ಲಿ ಈ ಅನಿಲ ತಯಾರಾಗುತ್ತಿರುವುದರಿಂದ ಅದು ಸೊನ್ನೆಗೆ ಇಳಿಯದು.) ವಿಕಿರಣಶೀಲತೆಯ ಪಾಠ ಮಾಡುವಾಗ ಯುರೇನಿಯಂ, ರೇಡಿಯಂಗಳ ಜೊತೆಗೆ ಈ ಉದಾಹರಣೆಯನ್ನೂ ಕೊಡಿ. ಘಾತೀಯ ಇಳಿಕೆ ಪರಮಾಣು ಬೀಜಗಳ ಖಾಸಗಿ ಸೊತ್ತಲ್ಲವೆಂದು ಮಕ್ಕಳಿಗೆ ಗೊತ್ತಾಗುತ್ತದೆ.

ಆದರೆ ಒಂದು ದಿನದಲ್ಲಿ ಎಲ್ಲವೂ ಸರಿಹೋಗುವುದಾದರೆ ಆರು ವಾರ ಏಕೆ? ಗಾಯಕ್ಕಾಗಿ. ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಒಂದು ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನಾಕಾರದ ಕೊಳವೆಯೊಂದನ್ನಷ್ಟೇ ಉಳಿಸುತ್ತಾರೆ. ಇನ್ನೊಂದರಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವನ್ನು ಬೇರ್ಪಡಿಸಿ ಅದಕ್ಕೆ ಸಣ್ಣ ಕರುಳನ್ನು ಜೋಡಿಸುತ್ತಾರೆ. ಎರಡರಲ್ಲೂ ಉದ್ದವಾದ ಹೊಲಿಗೆ ಅಥವಾ ಪಿನ್ನಿನ ಸಾಲು ಹೊಟ್ಟೆಯೊಳಗೆ ಮಾಯಬೇಕು. ಅಲ್ಲಿ ಸೋರಿದರೆ ಪ್ರಾಣಾಪಾಯ. ಮಾಯಲು ಆಕ್ಸಿಜನ್ ಬೇಕು. 1991ರಲ್ಲಿ ಯೆನ್ಸೆನ್ ಮತ್ತು ಸಂಗಡಿಗರು ಸ್ವಯಂಸೇವಕರ ಚರ್ಮದಡಿಯ ಅಂಗಾಂಶದಲ್ಲಿ ಆಕ್ಸಿಜನ್ನಿನ ಒತ್ತಡವನ್ನು ನೇರವಾಗಿ ಅಳೆದರು. ಸೇದಿದ ಮೇಲೆ ಅದು ಸರಾಸರಿ 65 ಮಿ.ಮೀ. ಪಾದರಸದಿಂದ 44ಕ್ಕೆ ಕುಸಿಯಿತು. ಕುಸಿಯಲು ಹಿಡಿದ ಕಾಲ ಸುಮಾರು 22 ನಿಮಿಷ, ಹಾಗೆಯೇ ಕೆಳಗೆ ಉಳಿದದ್ದು 30ರಿಂದ 50 ನಿಮಿಷ. ದಿನಕ್ಕೊಂದು ಪ್ಯಾಕೆಟ್ ಸೇದುವವರ ಗಾಯ ದಿನದ ಬಹುಪಾಲು ಉಸಿರುಕಟ್ಟಿಕೊಂಡೇ ಇರುತ್ತದೆಂದು ಇದರಿಂದ ಊಹಿಸಬಹುದು.

ಜನಪ್ರಿಯ ಬರಹಗಳು ಈ ಕುಸಿತವನ್ನು ವಿವರಿಸಲು ನಮ್ಮ ಪ್ವಾಸೇಯ ನಿಯಮವನ್ನು ಎಳೆದುತರುವುದುಂಟು. ನಿಕೋಟಿನ್ ರಕ್ತನಾಳವನ್ನು ಸಂಕುಚಿಸುತ್ತದೆ, ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ, ಆದ್ದರಿಂದ ತ್ರಿಜ್ಯ ಶೇ. 10 ಕಡಿಮೆಯಾದರೆ ಹರಿವು ಶೇ. 34 ಕಡಿಮೆಯಾಗುತ್ತದೆ ಎಂದು. ಲೆಕ್ಕವೇನೋ ಸರಿ: 0.9ರ ನಾಲ್ಕನೆಯ ಘಾತ 0.656. ಪ್ವಾಸೇ ವೃತ್ತಿಯಿಂದ ವೈದ್ಯ, ರಕ್ತದ ಹರಿವನ್ನು ಅರಿಯಲೆಂದೇ ಈ ಪ್ರಯೋಗಗಳಿಗೆ ಕೈಹಾಕಿದವನು ಎಂಬುದೂ ನಿಜ. ಆದರೆ ಅವನು ನಿಯಮವನ್ನು ಕಂಡುಕೊಂಡದ್ದು ಗಾಜಿನ ಲೋಮನಾಳಗಳಲ್ಲಿ ನೀರು ಹರಿಸಿ. ಗಾಜಿನ ಕೊಳವೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ, ಪಕ್ಕದ ಕೊಳವೆಗೆ ದಾರಿ ಬಿಡುವುದಿಲ್ಲ. ರಕ್ತವೋ ನೀರಿನಂಥ ದ್ರವವಲ್ಲ. ಸಪೂರವಾದ ನಾಳಗಳಲ್ಲಿ ಅದರ ತೋರಿಕೆಯ ಸ್ನಿಗ್ಧತೆಯೇ ಕಡಿಮೆಯಾಗುತ್ತದೆಂದು ಫಾರೇಯಸ್ ಮತ್ತು ಲಿಂಡ್‌ಕ್ವಿಸ್ಟ್ 1931ರಲ್ಲೇ ತೋರಿಸಿದರು. ಮೇಲಾಗಿ ದೇಹ ಒತ್ತಡವನ್ನು ಸ್ಥಿರವಾಗಿಟ್ಟುಕೊಂಡು ಕೂರುವುದಿಲ್ಲ. ನಾಲ್ಕನೆಯ ಘಾತದ ನಿಯಮ ದಿಕ್ಕನ್ನು ತೋರಿಸುತ್ತದೆ, ಮೊತ್ತವನ್ನಲ್ಲ. ಸೂತ್ರವೊಂದು ನಮ್ಮ ಶಾಸ್ತ್ರದ್ದೆಂಬ ಅಭಿಮಾನದಿಂದ ಅದನ್ನು ಎಲ್ಲೆಂದರಲ್ಲಿ ಅಂಟಿಸಿದರೆ ಹಿಗ್ಗುವ ಬದಲು ನಾವು ಮೊದಲು ಆಕ್ಷೇಪಿಸಬೇಕು.

ವಿವರಣೆಯ ಇನ್ನೊಂದು ದೋಷ ಇದಕ್ಕಿಂತ ಗಂಭೀರ. ಎಲ್ಲ ಕೇಡಿಗೂ ನಿಕೋಟಿನ್ ಒಂದನ್ನೇ ಹೊಣೆ ಮಾಡಿದರೆ, ನಿಕೋಟಿನ್ ಪಟ್ಟಿ ಅಥವಾ ಚ್ಯೂಯಿಂಗ್ ಗಮ್‌ನ ನೆರವಿನಿಂದ ಸಿಗರೇಟು ಬಿಡಲು ಹೊರಟವರು ಹೆದರಿ ಅದನ್ನೂ ಎಸೆದು, ನಾಲ್ಕು ದಿನದಲ್ಲಿ ಮತ್ತೆ ಸಿಗರೇಟಿಗೇ ಮರಳುತ್ತಾರೆ. 2003ರಲ್ಲಿ ಡೆನ್ಮಾರ್ಕಿನ ಸೋರೆನ್ಸೆನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇಲ್ಲಿ ಬಹಳ ಮುಖ್ಯ. ಆರೋಗ್ಯವಂತರಾದ 48 ಧೂಮಪಾನಿಗಳು, ಎಂದೂ ಸೇದದ 30 ಮಂದಿ, ಒಟ್ಟು 78 ಜನ ಸ್ವಯಂಸೇವಕರು ತಮ್ಮ ಸೊಂಟದ ಹಿಂಭಾಗದಲ್ಲಿ ಸಣ್ಣ ಗಾಯ ಮಾಡಿಸಿಕೊಳ್ಳಲು ಒಪ್ಪಿದರು (ವಿಜ್ಞಾನಕ್ಕಾಗಿ ಬೆನ್ನು ಕೊಟ್ಟವರು ಎಂದರೆ ಇವರೇ!). ಧೂಮಪಾನಿಗಳಲ್ಲಿ ಕೆಲವರು ಸೇದುತ್ತಲೇ ಇರಬೇಕು, ಕೆಲವರು ಬಿಟ್ಟು ನಿಕೋಟಿನ್ ಪಟ್ಟಿ ಅಂಟಿಸಿಕೊಳ್ಳಬೇಕು, ಇನ್ನು ಕೆಲವರು ಬಿಟ್ಟು ಹುಸಿ ಪಟ್ಟಿ ಅಂಟಿಸಿಕೊಳ್ಳಬೇಕು. ಯಾರು ಯಾವ ಗುಂಪು ಎಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಲಾಯಿತು. ಧೂಮಪಾನಿಗಳ ಗಾಯಗಳಲ್ಲಿ ಶೇ. 12 ಸೋಂಕಿಗೆ ಒಳಗಾದವು, ಎಂದೂ ಸೇದದವರ ಗಾಯಗಳಲ್ಲಿ ಶೇ. 2. ನಾಲ್ಕು ವಾರ ಬಿಟ್ಟವರಲ್ಲಿ ಸೋಂಕು ಸ್ಪಷ್ಟವಾಗಿ ಇಳಿಯಿತು. ನಿಜವಾದ ಪಟ್ಟಿಗೂ ಹುಸಿ ಪಟ್ಟಿಗೂ ನಡುವೆ ವ್ಯತ್ಯಾಸ ಕಾಣಲಿಲ್ಲ. ಗಾಯದ ಸೋಂಕಿನ ಮಟ್ಟಿಗೆ ಶತ್ರು ಹೊಗೆಯೇ ಹೊರತು ಪಟ್ಟಿಯಿಂದ ನಿಧಾನವಾಗಿ ಇಳಿಯುವ ನಿಕೋಟಿನ್ ಅಲ್ಲ ಎಂದು ಇದು ಸೂಚಿಸುತ್ತದೆ. ಚರ್ಮದ ಗಾಯದ ಫಲಿತಾಂಶವನ್ನು ಜಠರದ ಜೋಡಣೆಗೆ ಹಾಗೆಯೇ ಅನ್ವಯಿಸಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕಾಗಿಯೇ ಕೆಲವು ಶಸ್ತ್ರವೈದ್ಯರು ಪಟ್ಟಿಯನ್ನೂ ಬೇಡವೆನ್ನುತ್ತಾರೆ. ಆದರೆ ಪಟ್ಟಿ ಮತ್ತು ಸಿಗರೇಟುಗಳ ನಡುವೆ ಆರಿಸಬೇಕಾದವರಿಗೆ ಎರಡೂ ಒಂದೇ ಎಂದು ಹೇಳುವ ಕರಪತ್ರ ಅಪಕಾರ ಮಾಡುತ್ತದೆ.

ಶಸ್ತ್ರಚಿಕಿತ್ಸೆಯ ರೋಗಿಗಳ ಮೇಲೆಯೇ ನಡೆದ ಯಾದೃಚ್ಛಿಕ ಪ್ರಯೋಗವೂ ಡೆನ್ಮಾರ್ಕಿನದೇ. 2002ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಮೋಲರ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಸೊಂಟ ಅಥವಾ ಮಂಡಿಯ ಕೀಲು ಬದಲಾಯಿಸಿಕೊಳ್ಳಲಿದ್ದ 120 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ 6ರಿಂದ 8 ವಾರ ಮೊದಲೇ ಧೂಮಪಾನ ಬಿಡಲು ಅಥವಾ ಕಡಿಮೆ ಮಾಡಲು ನೆರವು ನೀಡಲಾಯಿತು. ನೆರವಿನಲ್ಲಿ ನಿಕೋಟಿನ್ ಪಟ್ಟಿಯಂಥವೂ ಸೇರಿದ್ದವು. ಶಸ್ತ್ರಚಿಕಿತ್ಸೆಯ ನಂತರದ ತೊಂದರೆಗಳು ನೆರವು ಪಡೆದವರಲ್ಲಿ ಶೇ. 18, ಪಡೆಯದವರಲ್ಲಿ ಶೇ. 52. ಗಾಯಕ್ಕೆ ಸಂಬಂಧಿಸಿದ ತೊಂದರೆ ಶೇ. 5 ಮತ್ತು ಶೇ. 31. “ಆರು ವಾರ”ಕ್ಕೆ ಇಂಥ ಸಾಕ್ಷ್ಯದ ಬೆಂಬಲವಿದೆ. ಅದು ಅಂಥ ಪ್ರಯೋಗಗಳಲ್ಲಿ ಪರೀಕ್ಷೆಯಾದ ಅವಧಿಗೆ ಹತ್ತಿರದ ಸಂಖ್ಯೆಯೇ ಹೊರತು 41ನೆಯ ದಿನಕ್ಕೂ 42ನೆಯ ದಿನಕ್ಕೂ ನಡುವೆ ಇರುವ ಕಂದಕವಲ್ಲ. ನೀರು 100 ಡಿಗ್ರಿಯಲ್ಲಿ ಕುದಿಯುವಂತೆ ದೇಹ ಆರನೆಯ ವಾರದಲ್ಲಿ ಸ್ಥಿತಿ ಬದಲಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿಯಲ್ಲಿ, ನಾಲ್ಕು ವಾರಗಳ ನಂತರ ಪ್ರತಿಯೊಂದು ತಂಬಾಕುರಹಿತ ವಾರವೂ ಫಲಿತಾಂಶವನ್ನು ಶೇ. 19ರಷ್ಟು ಉತ್ತಮಪಡಿಸುತ್ತದೆ ಎಂದಿತು. ಇದನ್ನು ಹಾಗೆಯೇ ಕೂಡುತ್ತ ಹೋದರೆ ಹತ್ತನೆಯ ವಾರಕ್ಕೆ ಶೇ. 114 ಆಗುತ್ತದೆ! ಶೇ. 19 ಯಾವುದರ ಶೇ. 19, ಎಷ್ಟು ದೂರದವರೆಗೆ ಎಂದು ಕೇಳದೆ ಇಂಥ ವಾಕ್ಯವನ್ನು ತರಗತಿಯಲ್ಲಿ ಉದ್ಧರಿಸಬೇಡಿ.

ತೂಕ ಇಳಿಸಲು ಹೊರಟವರಿಗೆ ಸಿಗರೇಟು ಬಿಡಲು ಇರುವ ವಿಶೇಷ ಅಡ್ಡಿಯೊಂದನ್ನು ಕರಪತ್ರಗಳು ಮುಟ್ಟುವುದೇ ಅಪರೂಪ. ಬಿಟ್ಟರೆ ದಪ್ಪಗಾಗುತ್ತೇವೆ ಎಂಬ ಭಯ ಅದು. ಭಯ ಸುಳ್ಳಲ್ಲ, ಆದರೆ ಅದರ ಗಾತ್ರ ಗೊತ್ತಿರಬೇಕು. 1986ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಎಂಟು ಜನ ಧೂಮಪಾನಿಗಳನ್ನು ಒಂದು ದಿನ 24 ಸಿಗರೇಟಿನೊಡನೆ, ಒಂದು ದಿನ ಸಿಗರೇಟಿಲ್ಲದೆ ಮುಚ್ಚಿದ ಕೋಣೆಯಲ್ಲಿರಿಸಿ ಅವರ ದೇಹದ ಶಕ್ತಿವ್ಯಯವನ್ನು ಅಳೆದರು. ಸೇದಿದ ದಿನ ವ್ಯಯ ಸುಮಾರು ಶೇ. 10 ಹೆಚ್ಚು, ದಿನಕ್ಕೆ 200 ಕಿಲೋಕ್ಯಾಲರಿ ಎನ್ನಿ. ಒಂದು ಕಿಲೋಗ್ರಾಂ ಕೊಬ್ಬಿಗೆ 7700 ಕಿಲೋಕ್ಯಾಲರಿ ಎಂಬ ರೂಢಿಯ ಲೆಕ್ಕ ಹಿಡಿದರೆ, 200ನ್ನು 365ರಿಂದ ಗುಣಿಸಿ 7700ರಿಂದ ಭಾಗಿಸಿದಾಗ ವರ್ಷಕ್ಕೆ ಒಂಬತ್ತೂವರೆ ಕಿಲೋ ಏರಬೇಕು. ಹತ್ತು ವರ್ಷಕ್ಕೆ 95 ಕಿಲೋ! ಅಸಂಬದ್ಧವೆಂದು ಕೂಡಲೇ ಹೊಳೆಯುತ್ತದೆ. ತಪ್ಪು ಎಲ್ಲಿದೆ? ತೂಕ ಏರಿದಂತೆ ಆ ಏರಿದ ದೇಹವನ್ನು ನಡೆಸಲು ವ್ಯಯವೂ ಏರುತ್ತದೆ. ತೊಟ್ಟಿಯಲ್ಲಿ ನೀರಿನ ಮಟ್ಟ ಮೇಲೆ ಹೋದಂತೆ ಕೆಳಗಿನ ತೂತಿನಿಂದ ಹೊರಹರಿವೂ ಹೆಚ್ಚಾಗುವ ಹಾಗೆ. ಆದ್ದರಿಂದ ರೇಖೆ ನೇರವಾಗಿ ಏರದೆ ಬಾಗಿ ಮಟ್ಟಸವಾಗುತ್ತದೆ. 2011ರಲ್ಲಿ ಹಾಲ್ ಮತ್ತು ಸಂಗಡಿಗರು ಕೊಟ್ಟ ಸ್ಥೂಲ ನಿಯಮದಂತೆ ದಿನಕ್ಕೆ 24 ಕಿಲೋಕ್ಯಾಲರಿಯ ಬದಲಾವಣೆಗೆ ಅಂತಿಮವಾಗಿ ಒಂದು ಕಿಲೋ. ಅದರ ಅರ್ಧ ಮೊದಲ ವರ್ಷದಲ್ಲಿ. ನಮ್ಮ 200ಕ್ಕೆ ಅಂತಿಮ ಏರಿಕೆ 8.3 ಕಿಲೋ, ಮೊದಲ ವರ್ಷ ಸುಮಾರು 4.2.

ನಿಜವಾದ ಅಳತೆ ಏನು ಹೇಳುತ್ತದೆ? ಔಷಧದ ನೆರವಿಲ್ಲದೆ ಬಿಟ್ಟವರ ಸರಾಸರಿ ತೂಕ ಏರಿಕೆಯನ್ನು 2012ರಲ್ಲಿ ಓಬಾ ಮತ್ತು ಸಂಗಡಿಗರು ಒಟ್ಟುಗೂಡಿಸಿದರು. ಒಂದು ತಿಂಗಳಿಗೆ 1.12 ಕಿಲೋ, ಎರಡಕ್ಕೆ 2.26, ಮೂರಕ್ಕೆ 2.85, ಆರಕ್ಕೆ 4.23, ಹನ್ನೆರಡಕ್ಕೆ 4.67. ರೇಖೆ ಬಾಗಿರುವುದನ್ನು ಗಮನಿಸಿ. ಗ್ರಾಫ್ ಹಾಳೆಯ ಮೇಲೆ ಗುರುತಿಸಿ ನೋಡಿದರೆ ಇನ್ನೂ ಚೆನ್ನ. ವರ್ಷದ ಕೊನೆಯ ಸಂಖ್ಯೆ ನಮ್ಮ ಅಂದಾಜಿಗೆ ಹತ್ತಿರ ಬಂದಿತೆಂದು ಬೀಗಬೇಕಾಗಿಲ್ಲ. ಮೊದಲ ಆರು ತಿಂಗಳ ಏರಿಕೆ ನಿಯಮ ಹೇಳುವುದಕ್ಕಿಂತ ತೀರಾ ವೇಗ; ನಾವು ಲೆಕ್ಕದಿಂದ ಹೊರಗಿಟ್ಟ ಹಸಿವು ಅಲ್ಲಿ ಕೆಲಸ ಮಾಡಿದೆ. ಸರಾಸರಿಯ ಹಿಂದೆ ದೊಡ್ಡ ಹರವೂ ಇದೆ: ವರ್ಷದ ಕೊನೆಗೆ ಶೇ. 16 ಮಂದಿ ತೂಕ ಕಳೆದುಕೊಂಡಿದ್ದರು, ಶೇ. 13 ಮಂದಿಗೆ 10 ಕಿಲೋಗೂ ಹೆಚ್ಚು ಏರಿತ್ತು. ಆದರೆ ಆರು ವಾರದ ಪ್ರಶ್ನೆಗೆ ಉತ್ತರ ಸರಳ: ಸರಾಸರಿ ಒಂದೂಮುಕ್ಕಾಲು ಕಿಲೋದ ಆಸುಪಾಸು. 160 ಸೆಂ.ಮೀ. ಎತ್ತರ, 105 ಕಿಲೋ ಇರುವವರ ದೇಹರಾಶಿ ಸೂಚ್ಯಂಕ 41.0ರಿಂದ 41.7ಕ್ಕೆ ಹೋಗುತ್ತದೆ. ಶಸ್ತ್ರಚಿಕಿತ್ಸೆಯಿಂದ ಒಂದೆರಡು ವರ್ಷದಲ್ಲಿ ಸಾಮಾನ್ಯವಾಗಿ ಇಳಿಯುವುದು ದೇಹತೂಕದ ಕಾಲು ಭಾಗ ಅಥವಾ ಇನ್ನೂ ಹೆಚ್ಚು. 26 ಕಿಲೋ ಮುಂದೆ ಒಂದೂಮುಕ್ಕಾಲು ಕಿಲೋಗೆ ಹೆದರಿ ಹೊಲಿಗೆಯನ್ನು ಅಪಾಯಕ್ಕೆ ಒಡ್ಡುವುದು ಜಾಣತನವಲ್ಲ. ಕರಪತ್ರದಲ್ಲಿ ಈ ಒಂದು ಲೆಕ್ಕ ಇದ್ದರೆ ಹತ್ತು ಎಚ್ಚರಿಕೆಗಳಿಗಿಂತ ಹೆಚ್ಚು ಕೆಲಸ ಮಾಡೀತು.

ಬಿಟ್ಟಿದ್ದಾರೋ ಇಲ್ಲವೋ ಎಂದು ಆಸ್ಪತ್ರೆಗಳು ಪರೀಕ್ಷಿಸುವುದೂ ಉಂಟು. ಅದಕ್ಕೆ ಅಳೆಯುವುದು ಹೆಚ್ಚಾಗಿ ಕೊಟಿನಿನ್, ಅಂದರೆ ದೇಹದಲ್ಲಿ ನಿಕೋಟಿನ್ ರೂಪಾಂತರಗೊಂಡು ಆಗುವ ವಸ್ತು. ನಿಕೋಟಿನ್ನಿನ ಅರ್ಧಾಯು ಸುಮಾರು 2 ಗಂಟೆ, ಕೊಟಿನಿನ್ನಿನದು 16ರಿಂದ 20 ಗಂಟೆ. ಮಿಲಿಲೀಟರ್ ರಕ್ತದ್ರವದಲ್ಲಿ 250 ನ್ಯಾನೊಗ್ರಾಂ ಇರುವವರು 10ಕ್ಕೆ ಇಳಿಯಬೇಕಾದರೆ 25 ಪಟ್ಟು ಕಡಿಮೆಯಾಗಬೇಕು; 4.64 ಅರ್ಧಾಯುಗಳು, 18 ಗಂಟೆಯಂತೆ ಸುಮಾರು 84 ಗಂಟೆ. ಮೂರೂವರೆ ದಿನ! ಆರು ವಾರದ ನಿಯಮವನ್ನು ಕಾಯಲು ನಿಂತ ಕಾವಲುಗಾರನಿಗೆ ಕಾಣುವುದು ಕೊನೆಯ ವಾರದ ಅರ್ಧ ಮಾತ್ರ. ಅಷ್ಟೇ ಅಲ್ಲ, ನಿಕೋಟಿನ್ ಪಟ್ಟಿ ಹಾಕಿಕೊಂಡ ಪ್ರಾಮಾಣಿಕರೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ. ತಂಬಾಕಿನಲ್ಲಿದ್ದು ಪಟ್ಟಿಯಲ್ಲಿಲ್ಲದ ಅನಬಸಿನ್ ಎಂಬ ವಸ್ತುವನ್ನು ಹುಡುಕಿದರೆ ಇವರನ್ನು ಬೇರ್ಪಡಿಸಬಹುದು. ನಮ್ಮ ಕಡೆಯ ಇನ್ನೊಂದು ತೊಡಕು: “ಸಿಗರೇಟು ಸೇದುತ್ತೀರಾ?” ಎಂಬ ಪ್ರಶ್ನೆಗೆ ಬೀಡಿ ಸೇದುವವರು, ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವವರು, ಗುಟ್ಕಾ ಅಗಿಯುವವರು ಮನಃಪೂರ್ವಕವಾಗಿ ಇಲ್ಲ ಎನ್ನುತ್ತಾರೆ. ಅವರ ಕೊಟಿನಿನ್ ಬೇರೆ ಮಾತು ಹೇಳುತ್ತದೆ. ಇಂಗ್ಲಿಷ್ ಕರಪತ್ರವನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದಾಗ ಬೀಡಿ, ಹೊಗೆಸೊಪ್ಪು ಎರಡೂ ಕಾಣೆಯಾಗಿಬಿಡುವುದು ಅನುವಾದದ ದೋಷವಷ್ಟೇ ಅಲ್ಲ, ಚಿಕಿತ್ಸೆಯ ದೋಷ.

ನನ್ನ ಕೊನೆಯ ತಕರಾರು ಈ ಕರಪತ್ರಗಳ ಶೀರ್ಷಿಕೆಯಲ್ಲೇ ಇರುವ “ಮುನ್ನ” ಎಂಬ ಪದದ ಬಗ್ಗೆ. ಶಸ್ತ್ರಚಿಕಿತ್ಸೆಗೆ ಮುನ್ನ ಬಿಡಿ ಎಂದರೆ, ಆಮೇಲೆ ನಿಮ್ಮಿಷ್ಟ ಎಂದು ಅರ್ಥವಾಗುತ್ತದೆ. ಜಠರದ ಚೀಲಕ್ಕೆ ಕರುಳನ್ನು ಜೋಡಿಸಿದ ಜಾಗದಲ್ಲಿ ತಿಂಗಳುಗಳು, ವರ್ಷಗಳು ಕಳೆದ ಮೇಲೂ ಹುಣ್ಣಾಗಬಹುದು. ಜಠರದ ಆಮ್ಲವನ್ನು ತಾಳಿಕೊಳ್ಳಲು ಕರುಳಿನ ಆ ಭಾಗ ರೂಪುಗೊಂಡಿಲ್ಲ. ಅಂಥ ಹುಣ್ಣಿಗೆ ಧೂಮಪಾನ ಪ್ರಮುಖ ಕಾರಣಗಳಲ್ಲೊಂದು. ಹುಣ್ಣು ತೂತಾದರೆ ಮತ್ತೆ ಶಸ್ತ್ರಚಿಕಿತ್ಸೆ. ಆದರೆ ಜನ ನಡೆದುಕೊಳ್ಳುವುದು ಹೇಗೆ? ಅಮೆರಿಕದಲ್ಲಿ ಬೈಪಾಸ್ ಮಾದರಿಯ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದವರನ್ನು ಏಳು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನವೊಂದಿದೆ. ಒಂದು ವರ್ಷ ಮೊದಲು ಅವರಲ್ಲಿ ಸುಮಾರು ಶೇ. 14 ಮಂದಿ ಸೇದುತ್ತಿದ್ದರು. ಶಸ್ತ್ರಚಿಕಿತ್ಸೆಯ ಹಿಂದಿನ ತಿಂಗಳಲ್ಲಿ ಅದು ಸುಮಾರು ಶೇ. 2ಕ್ಕೆ ಇಳಿಯಿತು. ಒಂದು ವರ್ಷದ ನಂತರ ಶೇ. 10ರ ಹತ್ತಿರ. ಏಳನೆಯ ವರ್ಷ ಮತ್ತೆ ಶೇ. 14. ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆದು ಮರುದಿನ ಮರೆಯುವ ವಿದ್ಯಾರ್ಥಿಗಳನ್ನು ನಾವು ದಿನವೂ ನೋಡುತ್ತೇವೆ. ಈ ರೇಖೆಯ ಆಕಾರ ನಮಗೆ ಅಪರಿಚಿತವಲ್ಲ.

ಕೊಟಿನಿನ್ ಪರೀಕ್ಷೆ ದಿನಾಂಕಕ್ಕೆ ಬಿಡಿಸುತ್ತದೆ, ಬಿಟ್ಟದ್ದನ್ನು ಉಳಿಸಿಕೊಳ್ಳಲು ನೆರವಾಗುವುದಿಲ್ಲ. ಆ ನೆರವು ಬೇರೆಡೆ ಇದೆ. 2018ರ ಸೆಪ್ಟೆಂಬರಿನಿಂದ ನಮ್ಮ ದೇಶದ ತಂಬಾಕು ಪ್ಯಾಕೆಟ್‌ಗಳ ಮೇಲೆ ತ್ಯಜಿಸಲು ನೆರವಾಗುವ ಉಚಿತ ದೂರವಾಣಿ ಸಂಖ್ಯೆ 1800-11-2356 ಅಚ್ಚಾಗತೊಡಗಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ತಂಬಾಕು ಬಿಡುವವರಿಗೆ ಚಿಕಿತ್ಸೆ ಸಿಗುತ್ತದೆ. ಶಸ್ತ್ರಚಿಕಿತ್ಸೆಯ ಕರಪತ್ರದಲ್ಲಿ “ಆರು ವಾರ”ದ ಪಕ್ಕದಲ್ಲೇ ಈ ಎರಡು ಸಾಲುಗಳನ್ನೂ, ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಮೂರನೆಯ, ಆರನೆಯ, ಹನ್ನೆರಡನೆಯ ತಿಂಗಳು ತೂಕ ನೋಡಿಸಲು ಬರುವಾಗ ಧೂಮಪಾನದ ಬಗ್ಗೆಯೂ ಮತ್ತೆ ಕೇಳಲಾಗುವುದು ಎಂಬ ಮಾತನ್ನೂ ಸೇರಿಸಲು ಅರ್ಧ ಪುಟವೂ ಬೇಕಾಗದು.